ನೇತ್ರಾಣಿಯಲ್ಲಿ ಸ್ಕೂಬಾ: ಸಮುದ್ರಕ್ಕೆ ಐದು ಸ್ಟಾರ್, ಪ್ಯಾಕೇಜಿಗೆ ಎರಡೂವರೆ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಹೋಗುವ ಮುಂಚೆ ನಾನು ಹುಡುಕಿದ್ದು ಅದನ್ನೇ. ಒಬ್ಬರಿಗೆ 5,500 ರೂಪಾಯಿ. ಅದರಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿಬರುವ ದೋಣಿ, ಒಂದು ಡೈವ್, ಹಾಕಿಕೊಳ್ಳುವ ಬಟ್ಟೆ ಮತ್ತು ಸಾಮಾನು, ನೀರು, ಬಾಳೆಹಣ್ಣು, ಬಿಸ್ಕತ್ತು, ಆಮೇಲೆ ವಾಟ್ಸಾಪಿಗೆ ಬರುವ ಒಂದು ವಿಡಿಯೋ. ಅಂಗಡಿಯ ಹೆಸರು ಬರೆಯುವುದಿಲ್ಲ. ನಾನು ಹೋಗಿದ್ದು ಒಂದೇ ದಿನ, ಒಂದೇ ದೋಣಿಯಲ್ಲಿ, ಅಷ್ಟಕ್ಕೇ ಒಬ್ಬರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಆದರೆ ಆಗಿದ್ದನ್ನು ಬಿಡದೆ ಬರೆಯುತ್ತೇನೆ. ಬುಕ್ ಮಾಡುವಾಗ ಏನೇನು ಕೇಳಬೇಕು ಅಂತ ನಿಮಗಾದರೂ ಗೊತ್ತಿರಲಿ.

ನಾನು ತೀರ್ಥಹಳ್ಳಿ ಕಡೆಯವಳು. ತುಂಗೆ ಮನೆಯ ಹತ್ತಿರವೇ ಹರಿಯುತ್ತಾಳೆ, ಆದರೂ ಈಜು ಬರುವುದಿಲ್ಲ. ಚಿಕ್ಕವಳಿದ್ದಾಗ ಹೊಳೆ ಕಡೆ ತಲೆ ಹಾಕಿದರೆ ಸಾಕು, ಅಮ್ಮನ ಕೈಲಿ ಬೀಳುತ್ತಿತ್ತು. ಸಮುದ್ರದ ಜೀವಿ ಅಂದರೆ ನನಗೆ ಗೊತ್ತಿದ್ದದ್ದು ಘಾಟಿ ಹತ್ತಿ ಬರುತ್ತಿದ್ದ ಮೀನಿನ ಗಾಡಿ, ಅದರ ಪೋಂ ಪೋಂ ಹಾರನ್, ಐಸಿನ ಮೇಲೆ ಮಲಗಿಸಿದ ಬಂಗುಡೆ, ಬೂತಾಯಿ, ಸಂಬಳ ಬಂದ ವಾರ ಅಂಜಲ್. ಮೀನನ್ನು ಅಡ್ಡಲಾಗಿ ಬಿಟ್ಟು ಬೇರೆ ಯಾವ ಭಂಗಿಯಲ್ಲೂ ನೋಡಿದವಳಲ್ಲ. ಈ ಟ್ರಿಪ್ಪಿನ ಹುಚ್ಚು ಇದ್ದಿದ್ದು ನನ್ನ ತಮ್ಮನಿಗೆ. ಅಪ್ಪು ನೇತ್ರಾಣಿಯಲ್ಲಿ ನೀರಿಗಿಳಿದದ್ದನ್ನು ತೆರೆ ಮೇಲೆ ನೋಡಿದಾಗಿನಿಂದ ಅವನದ್ದು ಒಂದೇ ಜಪ. ನಾನು ದೋಣಿಯಲ್ಲಿ ಕೂತು ಬರುತ್ತೇನೆ ಅಂತ ಹೊರಟೆ. ಕೊನೆಗೆ ಆಗಿದ್ದು ತಿರುಗಾಮುರುಗಾ, ಅದು ಆಮೇಲೆ.

ಯಾವಾಗ ಹೋಗಬೇಕು ಅನ್ನುವುದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಕಡಲು ರಂಪ ಮಾಡುತ್ತಿರುತ್ತದೆ, ಡೈವಿಂಗ್ ಇರುವುದಿಲ್ಲ. ಜೂನ್, ಜುಲೈನಲ್ಲಂತೂ ಯಾಂತ್ರಿಕ ಮೀನುಗಾರಿಕೆಗೂ ರಜೆ, 61 ದಿನ, ಮೀನು ಮೊಟ್ಟೆ ಇಡುವ ಕಾಲ ಅಂತ. ನಾವು ಹೋಗಿದ್ದು ಜನವರಿ ಮೊದಲ ವಾರ. ನೀರು ತಿಳಿಯಾಗಿತ್ತು. ದೋಣಿಯಿಂದ ಬಗ್ಗಿ ನೋಡಿದರೆ ಕೆಳಗಿನ ಬಂಡೆಯ ಆಕಾರ ಕಾಣುತ್ತಿತ್ತು. ಶನಿವಾರ, ಭಾನುವಾರ ಹೋಗಬೇಡಿ, ಸುಮ್ನೆ ಕ್ಯೂ. ನಾವು ಆ ತಪ್ಪು ಮಾಡಿದೆವು.

ಅಂಗಡಿ ಅಂದರೆ ಬೀಚಿನ ಹತ್ತಿರದ ಒಂದು ರೂಮು. ಹೊರಗೆ ದೊಡ್ಡ ಬೋರ್ಡು. ಅದರಲ್ಲಿ ಆಮೆ, ಡಾಲ್ಫಿನ್, ಶಾರ್ಕ್, ಮೂಲೆಯಲ್ಲಿ ಒಂದು ಪೆಂಗ್ವಿನ್. ಅರಬ್ಬಿ ಸಮುದ್ರದಲ್ಲಿ ಪೆಂಗ್ವಿನ್! ಕೌಂಟರಿನ ಹುಡುಗನನ್ನು ಕೇಳಿದೆ. ಅವನು ತಲೆ ಎತ್ತದೆ "ಅದು ಡಿಸೈನ್ ಮೇಡಂ" ಅಂದ. ಪ್ರಾಮಾಣಿಕ ಉತ್ತರ.

ಈಗ ಮೊದಲ ದೂರು. ಆರೋಗ್ಯದ ಫಾರಂ ಕೊಟ್ಟದ್ದು ದುಡ್ಡು ಕಟ್ಟಿಸಿಕೊಂಡ ಮೇಲೆ, ಅದೂ ದೋಣಿ ಹತ್ತುವ ಹತ್ತು ನಿಮಿಷ ಮುಂಚೆ. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಬಿಪಿ ಇದೆಯಾ, ಕಿವಿಯ ಆಪರೇಷನ್ ಆಗಿದೆಯಾ ಅಂತ ಪ್ರಶ್ನೆಗಳು. ನಮ್ಮ ಜೊತೆ ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬರು ಬಿಪಿಗೆ ಟಿಕ್ ಹಾಕಿದರು. ನೀರಿಗೆ ಬಿಡಲು ಆಗುವುದಿಲ್ಲ ಅಂದರು, ಅದು ಸರಿಯೇ. ಆದರೆ ದುಡ್ಡು ವಾಪಸ್ ಕೊಡಲಿಲ್ಲ. ಪಾಪ, ಅವರು 5,500 ಕೊಟ್ಟು ಬಾಳೆಹಣ್ಣು ತಿಂದು ಬಂದರು. ಫಾರಂ ಅನ್ನು ಬುಕಿಂಗ್ ಹೊತ್ತಿಗೇ ಫೋನಿಗೆ ಕಳಿಸಿದರೆ ಇವರಿಗೆ ಹೋಗುವ ಗಂಟೇನು? ನೀವೇ ಕೇಳಿ ತರಿಸಿಕೊಳ್ಳಿ. ನೆಗಡಿ ಇದ್ದರೆ ದಿನಾಂಕ ಬದಲಿಸಬಹುದಾ ಅಂತಲೂ ಕೇಳಿ. ಇದರ ಮಹತ್ವ ನನ್ನ ತಮ್ಮನಿಂದ ಗೊತ್ತಾಯಿತು.

ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ. ನಮ್ಮ ದೋಣಿಗೆ ಒಂದೂಕಾಲು ಗಂಟೆ ಹಿಡಿಯಿತು. ಹಿಂದೆ ತಿರುಗಿ ನೋಡಿದರೆ 123 ಅಡಿಯ ಶಿವ ಮತ್ತು ಪಕ್ಕದ ಗೋಪುರ ಎಷ್ಟೋ ಹೊತ್ತು ಕಾಣುತ್ತಲೇ ಇರುತ್ತವೆ. ಆಮೇಲೆ ಶಿವ ಹೆಬ್ಬೆರಳಿನಷ್ಟಾಗುತ್ತಾನೆ, ಆಮೇಲೆ ಇಲ್ಲ. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಮೂರು ಬೂದು ಬೆನ್ನುಗಳು ಎದ್ದು ಮುಳುಗಿದವು, ಬೆನ್ನ ಮೇಲೆ ಗೂನಿನ ಥರ ಉಬ್ಬು. ಗೂನು ಡಾಲ್ಫಿನ್. ಇವು ಆಳ ಸಮುದ್ರದವಲ್ಲ, ದಡದ ಹತ್ತಿರ, ನದಿ ಬಂದು ಸೇರುವ ಕಡೆ, ಕಡಿಮೆ ಆಳದ ನೀರಿನಲ್ಲೇ ಓಡಾಡಿಕೊಂಡಿರುತ್ತವೆ. ಸಿನಿಮಾದಲ್ಲಿ ನೋಡುವ ಹಾಗೆ ಹಾರಿ ಪಲ್ಟಿ ಹೊಡೆಯಲಿಲ್ಲ. ಉಸಿರು ತೆಗೆದುಕೊಳ್ಳಲು ಬಂದವು, ತೆಗೆದುಕೊಂಡು ಹೋದವು. ದೋಣಿಯವರು ಬೆನ್ನು ಹತ್ತಲಿಲ್ಲ, ಎಂಜಿನ್ ನಿಧಾನ ಮಾಡಿದರು. ಇದಕ್ಕೆ ಒಂದು ಮಾರ್ಕು ಜಾಸ್ತಿ.

ವಾಂತಿ ಆಗುವವರು ದೋಣಿಯ ಹಿಂಭಾಗದಲ್ಲಿ ಕೂರಿ, ಅಲ್ಲಿ ಕುಲುಕಾಟ ಕಡಿಮೆ, ಆದರೆ ಡೀಸೆಲ್ ಹೊಗೆ ಜಾಸ್ತಿ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ಫೋನು ನೋಡಬೇಡಿ, ದೂರದ ಗೆರೆ ನೋಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಮೂರು ಪ್ಲೇಟ್ ಬನ್ಸ್ ತಿಂದು ಬಂದ ಒಬ್ಬ ಹುಡುಗನ ಕಥೆ ಇಲ್ಲಿ ಬೇಡ.

ದ್ವೀಪ ಹತ್ತಿರವಾದಾಗ ಮೊದಲು ಕಂಡದ್ದು ಬಂಡೆ. ಮರಳಿನ ದಡ, ತೆಂಗಿನ ಮರ ಅಂತೆಲ್ಲ ನಾನು ಕಲ್ಪಿಸಿಕೊಂಡಿದ್ದೆ, ನಮ್ಮ ದೋಣಿ ನಿಂತ ಕಡೆ ಅದ್ಯಾವುದೂ ಇಲ್ಲ. ನೀರಿನಿಂದ ನೇರ ಮೇಲೆದ್ದ ಕಲ್ಲು, ಮೇಲೆ ಕಾಡು. ಮೇಲಿನಿಂದ ನೋಡಿದರೆ ಹೃದಯದ ಆಕಾರ ಅನ್ನುತ್ತಾರೆ, ದೋಣಿಯಿಂದ ಹಾಗೇನೂ ಕಾಣುವುದಿಲ್ಲ. ಪಾರಿವಾಳಗಳಿಂದಾಗಿ ಪಿಜನ್ ಐಲ್ಯಾಂಡ್ ಅನ್ನುವ ಹೆಸರೂ ಇದೆ. ನಮ್ಮನ್ನು ದ್ವೀಪಕ್ಕೆ ಇಳಿಸಲಿಲ್ಲ, ಇಳಿಸದಿದ್ದದ್ದೇ ಒಳ್ಳೆಯದಾಯಿತು. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ, ಒಂದು ಜೋಡಿ ನಮ್ಮ ತಲೆ ಮೇಲೆಯೇ ಸುತ್ತುತ್ತಿತ್ತು. ಬಂಡೆಯ ಮೇಲೆ ಆಡುಗಳೂ ಇವೆ! ಮೀನುಗಾರರು ಹರಕೆಗೆ ಬಿಟ್ಟವುಗಳ ಸಂತತಿ. ಹಿಂದೆ ನೌಕಾಪಡೆ ಇದೇ ದ್ವೀಪವನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸುತ್ತಿತ್ತು. ಪರಿಸರದವರೂ ಮೀನುಗಾರರೂ ಅದಕ್ಕೆ ವಿರೋಧ ಮಾಡಿದ್ದರು. ಹದ್ದು, ಆಡು, ದೇವರು, ಗುಂಡು, ಎಲ್ಲ ಒಂದೇ ಬಂಡೆಯ ಮೇಲೆ.

ತರಬೇತಿ ಹದಿನೈದು ನಿಮಿಷ. ಇದು ಚೆನ್ನಾಗಿತ್ತು, ಪೂರ್ತಿ ಮಾರ್ಕು. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರಿನಿಂದ ಬಾಯಲ್ಲೇ ಉಸಿರಾಡಬೇಕು, ಉಸಿರು ಯಾವತ್ತೂ ಹಿಡಿಯಬಾರದು, ಕಿವಿ ನೋಯುತ್ತಿದ್ದಂತೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ಹೆಬ್ಬೆರಳು ಮೇಲೆ ಮಾಡಿದರೆ "ಸೂಪರ್" ಅಂತ ಅಲ್ಲ, "ಮೇಲೆ ಹೋಗೋಣ" ಅಂತ. ಇದನ್ನು ನಾಲ್ಕು ಸಲ ಹೇಳಿದರು, ಆದರೂ ನಮ್ಮ ಗುಂಪಿನಲ್ಲಿ ಇಬ್ಬರು ಖುಷಿಗೆ ಹೆಬ್ಬೆರಳು ತೋರಿಸಿ ಎರಡೇ ನಿಮಿಷಕ್ಕೆ ಮೇಲೆ ಬಂದರು. ಇನ್ನೊಂದು, ಬೆನ್ನಿಗೆ ಕಟ್ಟುವುದು ಆಕ್ಸಿಜನ್ ಸಿಲಿಂಡರ್ ಅಲ್ಲ. ನಾವು ಈಗ ಉಸಿರಾಡುತ್ತಿರುವ ಇದೇ ಗಾಳಿ, ಒತ್ತಿ ತುಂಬಿದ್ದು. ಊರಿಗೆ ಬಂದ ಮೇಲೆ ಇದನ್ನು ಹೇಳಿದರೆ ಯಾರೂ ನಂಬುತ್ತಿಲ್ಲ.

ತಮ್ಮನಿಗೆ ಎರಡು ದಿನದಿಂದ ನೆಗಡಿ. ಫಾರಂನಲ್ಲಿ ಬರೆದಿರಲಿಲ್ಲ. ಬರೆದರೆ ಬಿಡುವುದಿಲ್ಲವಲ್ಲ! ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿಯೊಳಗೆ ಮೊಳೆ ಹೊಡೆದ ಹಾಗಾಯಿತಂತೆ. ಕಾರಣ ಇಷ್ಟೇ. ನೀರಿನ ಮೇಲೆ ಇರುವ ಒತ್ತಡ ಹತ್ತು ಮೀಟರ್ ಇಳಿದರೆ ಎರಡರಷ್ಟಾಗುತ್ತದೆ. ಕಿವಿಯೊಳಗಿನ ಗಾಳಿ ಅದಕ್ಕೆ ಹೊಂದಿಕೊಳ್ಳಬೇಕು, ನೆಗಡಿಯಾಗಿ ಮೂಗಿನಿಂದ ಕಿವಿಗೆ ಹೋಗುವ ದಾರಿ ಕಟ್ಟಿದ್ದರೆ ಹೊಂದಿಕೊಳ್ಳುವುದಿಲ್ಲ, ಅಷ್ಟೇ. ಅವನನ್ನು ಕೂಡಲೇ ಮೇಲೆ ತಂದರು. ಮುಖ ನೋಡಬೇಕಿತ್ತು. ಆ ಜಾಗಕ್ಕೆ ನಾನು ಇಳಿದೆ. ಕಟ್ಟಿದ ದುಡ್ಡು ಹಾಳಾಗಬಾರದು ಅನ್ನುವ ಮಲೆನಾಡ ಹಠದಿಂದಲೇ ಹೊರತು ಧೈರ್ಯದಿಂದಲ್ಲ.

ನನ್ನ ಜೊತೆ ಬಂದ ಡೈವ್ ಮಾಸ್ಟರ್ ಇಪ್ಪತ್ತೈದರ ಒಳಗಿನ ಹುಡುಗ, ಭಟ್ಕಳದ ಕಡೆಯವನು. ಮೇಲೆ ಇರುವಾಗ ಮುಖದಲ್ಲಿ ಒಂದು ನಗುವಿಲ್ಲ. ದಿನಕ್ಕೆ ಆರೇಳು ಜನರನ್ನು ಮುಳುಗಿಸಿ ಎತ್ತುವ ಕೆಲಸ, ಬೇಜಾರು ಬರದೆ ಇರುತ್ತದಾ. "ಹೆದರೂದು ಬೇಡ ಅಕ್ಕ, ನಾ ಕೈ ಬಿಡೂದಿಲ್ಲ" ಅಂದವನೇ ನನ್ನ ಜಾಕೆಟಿನ ಗಾಳಿ ಬಿಟ್ಟ.

ಮೊದಲ ಒಂದು ನಿಮಿಷ ನನಗೆ ಏನೂ ಕಾಣಲಿಲ್ಲ. ನನ್ನ ಉಸಿರಿನ ಸದ್ದೊಂದೇ. ಆಮೇಲೆ ಇನ್ನೊಂದು ಸದ್ದು. ಚಟ್ ಚಟ್ ಚಟ ಚಟ ಅಂತ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಸಿಲಿಂಡರ್ ಸೋರುತ್ತಿದೆ ಅಂತಲೇ ಅಂದುಕೊಂಡೆ. ಅವನ ತೋಳು ಜಗ್ಗಿ ಕಿವಿ ತೋರಿಸಿದೆ. ನೋವು ಅಂದುಕೊಂಡು ಮೇಲೆ ಕರೆದುಕೊಂಡು ಹೋಗಲು ಹೊರಟ. ಇಲ್ಲ ಇಲ್ಲ ಅಂತ ಕೈಯಾಡಿಸಿ, ಬೆರಳನ್ನು ಚಿಟಿಕೆ ಹೊಡೆದ ಹಾಗೆ ಮಾಡಿ ತೋರಿಸಿದೆ. ಆಗ ಅವನ ಕಣ್ಣು ಅರಳಿದ್ದು ಮಾಸ್ಕಿನೊಳಗಿಂದಲೂ ಕಾಣಿಸಿತು. ಸೊಂಟಕ್ಕೆ ಕಟ್ಟಿದ್ದ ಪುಟ್ಟ ಸ್ಲೇಟು ತೆಗೆದು ಪೆನ್ಸಿಲಿನಲ್ಲಿ ಬರೆದ: "ಸಿಗಡಿ".

ನಾನು ಸಿಗಡಿ ಸುಕ್ಕ ತಿಂದವಳು. ಅದು ಸದ್ದು ಮಾಡುತ್ತದೆ ಅಂತ ಯಾರು ಹೇಳಿದ್ದರು? ಮೇಲೆ ಬಂದ ಮೇಲೆ ಅವನೇ ವಿವರಿಸಿದ. ಬೆರಳಿನಷ್ಟೂ ಇಲ್ಲದ ಒಂದು ಜಾತಿ ಸಿಗಡಿ, ಕಲ್ಲು ಮತ್ತು ಹವಳದ ಸಂದಿಯಲ್ಲಿ ಇರುತ್ತದೆ, ಒಂದು ಕೊಂಡಿ ಮಾತ್ರ ದೊಡ್ಡದು. ಆ ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತದೆ ಅಂದರೆ ನೀರಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯುತ್ತದೆ. ಆ ಗುಳ್ಳೆ ಒಡೆದ ಸದ್ದೇ ಅದು. ಸಣ್ಣ ಬೇಟೆಗಳು ಆ ಹೊಡೆತಕ್ಕೇ ಸುಸ್ತಾಗುತ್ತವೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುವುದರಿಂದ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ನಮ್ಮ ಕಿವಿಗೆ ತಿಳಿಯುವುದಿಲ್ಲ, ಎಲ್ಲ ಕಡೆಯಿಂದಲೂ ಬಂದ ಹಾಗಿರುತ್ತದೆ. ಇಡೀ ಬಂಡೆಯೇ ಒಗ್ಗರಣೆ ಹಾಕುತ್ತಿರುವ ಹಾಗೆ.

ಆ ಒಂದು ಪ್ರಶ್ನೆಯಿಂದ ಹುಡುಗ ಬದಲಾದ. ಅಲ್ಲಿಯವರೆಗೆ ನಾನು ಅವನಿಗೆ ಮುಳುಗಿಸಿ ಎತ್ತಬೇಕಾದ ಒಂದು ಗಂಟು. ಆಮೇಲೆ ಒಂದೊಂದೇ ಸಂದಿಗೆ ಕರೆದುಕೊಂಡು ಹೋಗಿ ಬೆರಳು ತೋರಿಸುತ್ತಾ ಹೋದ. ಅವನು ತೋರಿಸದಿದ್ದರೆ ನನಗೆ ಅರ್ಧ ಕಾಣುತ್ತಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಬಂಡೆ ಅಂದುಕೊಂಡದ್ದು ಕಣ್ಣು ಬಿಟ್ಟಿತು, ಅದು ಗ್ರೂಪರ್ ಮೀನು. ಯಾರೋ ಬಿಸಾಡಿದ ಕೊಳೆತ ಬದನೆಕಾಯಿ ಅಂದುಕೊಂಡದ್ದು ಸಮುದ್ರ ಸೌತೆ ಅನ್ನುವ ಪ್ರಾಣಿ. ಅದು ಮರಳನ್ನು ತಿಂದು, ಅದರಲ್ಲಿರುವ ಕೊಳೆತದ್ದನ್ನು ಜೀರ್ಣಿಸಿಕೊಂಡು, ಶುದ್ಧ ಮರಳನ್ನು ಹಿಂದಿನಿಂದ ಬಿಡುತ್ತದೆ. ತಳದ ಕಸ ಗುಡಿಸುವ ಕೆಲಸ. ವಿದೇಶದಲ್ಲಿ ಇದನ್ನು ತಿನ್ನುವವರಿರುವುದರಿಂದ ಕಳ್ಳಸಾಗಣೆ ನಡೆಯುತ್ತದೆ. ನಮ್ಮಲ್ಲಿ 2001ರಿಂದ ಇದಕ್ಕೆ ಹುಲಿಯ ಹಾಗೆಯೇ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಬದನೆಕಾಯಿಗೆ ಹುಲಿಯ ಸ್ಥಾನ!

ಒಂದು ಬಿರುಕಿನಲ್ಲಿ ಮೊರೇ ಈಲ್ ಅನ್ನುವ ಮೀನು. ಹಾವಿನ ಹಾಗೆ ತಲೆ ಹೊರಗೆ ಹಾಕಿ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ. ಕಚ್ಚಲು ಬರುತ್ತಿದೆ ಅಂತ ನಾನು ಹಿಂದೆ ಸರಿದೆ. ಸ್ಲೇಟು: "ಉಸಿರು". ಬಾಯಿಂದ ನೀರು ಎಳೆದು ಕಿವಿರಿನ ಮೇಲೆ ಹಾಯಿಸಿಕೊಳ್ಳುತ್ತಿದೆ, ಅಷ್ಟೇ. ನಾನೂ ಆ ಹೊತ್ತಿನಲ್ಲಿ ಹೆಚ್ಚು ಕಡಿಮೆ ಅದನ್ನೇ ಮಾಡುತ್ತಿದ್ದೆ, ಅದಕ್ಕೆ ನಾನು ಹೇಗೆ ಕಂಡೆನೋ.

ಗ್ರೂಪರಿನ ಹತ್ತಿರ ಇನ್ನೊಂದು ನೋಟ. ಅದು ಬಾಯಿ ಅಗಲ ಮಾಡಿ ನಿಂತಿದೆ, ಒಂದು ನೀಲಿ ಪಟ್ಟೆಯ ಸಣ್ಣ ಮೀನು ಧೈರ್ಯವಾಗಿ ಬಾಯೊಳಗೆ ಹೋಗಿ ಬರುತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಕಿವಿ ಕ್ಲೀನ್ ಮಾಡುವವನ ಮುಂದೆ ಗಿರಾಕಿ ಕೂತ ಹಾಗೆ. ಹಲ್ಲು, ಕಿವಿರಿಗೆ ಅಂಟಿದ ಹುಳಗಳನ್ನು ಇದು ತಿನ್ನುತ್ತದೆ, ದೊಡ್ಡದಕ್ಕೆ ಆರಾಮ, ಚಿಕ್ಕದಕ್ಕೆ ಊಟ. ಇನ್ನೊಂದು ಕಲ್ಲಿನ ಕೆಳಗೆ ಲಯನ್ ಫಿಶ್, ಜರಿ ಸೀರೆ ಹರಡಿಕೊಂಡ ಹಾಗೆ ರೆಕ್ಕೆ. ಬೆನ್ನಿನ ಮುಳ್ಳಿನಲ್ಲಿ ವಿಷ. ಹುಡುಗ ನನ್ನನ್ನು ದೂರವೇ ನಿಲ್ಲಿಸಿದ. ಇದಕ್ಕೆ ಇದು ಹುಟ್ಟೂರು, ಇಲ್ಲಿ ಅದರ ಪಾಡಿಗೆ ಇದೆ. ಇದರ ಜಾತಿಯದ್ದೇ ಮೀನು ಅಮೆರಿಕದ ಕಡೆ ಅಟ್ಲಾಂಟಿಕ್‌ಗೆ, ಕೆರಿಬಿಯನ್‌ಗೆ ಹೋಗಿ ಸೇರಿ ಅಲ್ಲಿನ ಮೀನುಗಳನ್ನೆಲ್ಲ ತಿಂದು ದೊಡ್ಡ ಪಿಡುಗಾಗಿದೆ. ಹಿಡಿದು ತಿನ್ನಿ ಅಂತ ಅಲ್ಲಿ ಪ್ರಚಾರವೇ ಮಾಡುತ್ತಾರೆ.

ಎಲ್ಲರೂ ಕೇಳುವ ಆ ಕಿತ್ತಳೆ ಬಿಳಿ ಪಟ್ಟೆಯ ಮೀನು ನನಗೆ ಕಾಣಲಿಲ್ಲ. ಆಮೆಯೂ ಇಲ್ಲ. ಬೇಜಾರಿಲ್ಲ.

ಜಾಸ್ತಿ ಹೊತ್ತು ನಿಂತದ್ದು ಗಿಳಿ ಮೀನಿನ ಹತ್ತಿರ. ಹೆಸರು ತಕ್ಕುದೇ, ಹಲ್ಲುಗಳು ಕೂಡಿ ಗಿಳಿಯ ಕೊಕ್ಕಿನ ಹಾಗೆ ಆಗಿವೆ. ಹವಳದ ಕಲ್ಲನ್ನು ಕಟ್ ಕಟ್ ಅಂತ ಕಡಿಯುವುದು ಕೇಳಿಸುತ್ತದೆ, ಸಿಗಡಿಯ ಸದ್ದಿನ ಮಧ್ಯೆಯೂ. ಮೇಲಿನ ಪಾಚಿ ತಿನ್ನಲು ಕಲ್ಲನ್ನೂ ಕಡಿದು, ಒಳಗೆ ಅರೆದು, ಪುಡಿಯನ್ನು ಹಿಂದಿನಿಂದ ಉದುರಿಸುತ್ತದೆ. ನನ್ನ ಕಣ್ಣೆದುರೇ ಬಿಳಿ ಪುಡಿಯ ಒಂದು ಮೋಡ ಬಿಟ್ಟು ಹೋಯಿತು. ಹವಳ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇವುಗಳದ್ದೇ ಸಂಡಾಸು. ಮಾಲ್ಡೀವ್ಸ್‌ಗೆ ಹನಿಮೂನಿಗೆ ಹೋದ ಗೆಳತಿಗೆ ಇದನ್ನು ಆ ರಾತ್ರಿಯೇ ಮೆಸೇಜ್ ಮಾಡಿದೆ.

ಬಣ್ಣದ ಬಗ್ಗೆ ಒಂದು ಮಾತು. ನನ್ನ ಉಗುರಿಗೆ ಕೆಂಪು ಪಾಲಿಶ್ ಇತ್ತು. ಕೆಳಗೆ ಹೋದಾಗ ನೋಡಿದರೆ ಒಣಗಿದ ಕೋಕಂ ಸಿಪ್ಪೆಯ ಬಣ್ಣ. ನೀರು ಮೊದಲು ಕೆಂಪನ್ನೇ ನುಂಗುತ್ತದೆ. ಜಾಹೀರಾತಿನ ಫೋಟೋದಲ್ಲಿ ಕಾಣುವ ಝಗಮಗ ಕೆಂಪು ಹಳದಿ ಲೈಟು ಹಾಕಿ ತೆಗೆದದ್ದು. ಬರಿಗಣ್ಣಿಗೆ ಎಲ್ಲ ಸ್ವಲ್ಪ ನೀಲಿ ಹಸಿರು. ಅದಕ್ಕೆ "ಮೋಸ" ಅಂತ ಒಂದು ಸ್ಟಾರ್ ಕೊಡುವವರಿದ್ದಾರೆ. ಅದು ಅಂಗಡಿಯವರ ಮೋಸ ಅಲ್ಲ, ಬೆಳಕಿನದು.

ಈಗ ನನ್ನ ದೊಡ್ಡ ದೂರು.

ಒಂದು ಕಡೆ ಚಪ್ಪಟೆ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕ್ಯಾಮೆರಾದವನು ಕಾಯುತ್ತಿದ್ದ. ಕೈಗೆ ಅಂಗಡಿಯ ಹೆಸರಿನ ಬ್ಯಾನರ್ ಕೊಟ್ಟರು. ಮಂಡಿಯೂರಬೇಕು, ಬ್ಯಾನರ್ ಹಿಡಿಯಬೇಕು, ಆಮೇಲೆ ಕೈಯಲ್ಲಿ ಹಾರ್ಟ್ ಮಾಡಬೇಕು, ಆಮೇಲೆ ಗಾಳಿಯ ಗುಳ್ಳೆ ಜೊತೆ ಇನ್ನೊಂದು ಪೋಸ್. ನನ್ನ ಮುಂದೆ ಮೂರು ಜನರ ಕ್ಯೂ. ನೀರಿನೊಳಗೆ ಕ್ಯೂ! ಯಾರೋ ಬಾಟಲಿಯಿಂದ ಬ್ರೆಡ್ಡಿನ ಪುಡಿ ಬಿಟ್ಟರು, ಕಪ್ಪು ಪಟ್ಟೆಯ ಸಣ್ಣ ಮೀನುಗಳು ಮದುವೆ ಮನೆಯ ಎರಡನೇ ಪಂಕ್ತಿಗೆ ನುಗ್ಗಿದ ಹಾಗೆ ನುಗ್ಗಿದವು. ವಿಡಿಯೋಕ್ಕೆ ಚೆನ್ನಾಗಿರುತ್ತದೆ. ಆದರೆ ಆ ಮೀನಿಗೆ ಬೇರೆ ಕೆಲಸವಿತ್ತು. ಪಾಚಿ ತಿನ್ನಬೇಕಿತ್ತು, ನೀರಿನಲ್ಲಿ ತೇಲುವ ಸಣ್ಣ ಜೀವಿ ತಿನ್ನಬೇಕಿತ್ತು, ತನ್ನ ಮೊಟ್ಟೆ ಕಾಯಬೇಕಿತ್ತು. ದಿನವೂ ಬ್ರೆಡ್ಡು ಬಂದರೆ ಅದು ಆ ಕಲ್ಲು ಬಿಟ್ಟು ಗುಳ್ಳೆ ಕಂಡ ಕಡೆ ಓಡುತ್ತದೆ. ನನ್ನ ಮಾಸ್ಕಿಗೇ ಬಂದು ಕುಟುಕಿದವು.

ಬ್ರೆಡ್ಡಿಗಿಂತ ಬೇಸರವಾದದ್ದು ಆ ಜಾಗ. ಸುತ್ತಲೂ ಹವಳ, ಕಂದು, ಹಸಿರು, ಮೆದುಳಿನ ಸುರುಳಿಯ ಹಾಗೆ ಗೆರೆ ಇರುವ ಗುಂಡುಗಳು. ಮಧ್ಯದಲ್ಲಿ ಎಲ್ಲರೂ ಮಂಡಿಯೂರುವ ಕಡೆ ಮಾತ್ರ ಬೋಳು. ನಮ್ಮೂರ ಶಾಲೆಯ ಮೈದಾನದಲ್ಲಿ ವಿಕೆಟ್ ನೆಡುವ ಜಾಗ ಇರುತ್ತದಲ್ಲ, ಹುಲ್ಲು ಹುಟ್ಟುವುದೇ ಇಲ್ಲ, ಹಾಗೆ. ಪಕ್ಕದಲ್ಲಿ ಮುರಿದ ತುಂಡುಗಳು. ನನ್ನ ಹುಡುಗ ಅಲ್ಲಿಗೆ ಬರುವ ಮುಂಚೆ ಒಂದು ಹವಳದ ಹತ್ತಿರ ನಿಲ್ಲಿಸಿ ಸ್ಲೇಟಿನಲ್ಲಿ ಬರೆದಿದ್ದ: "ಪ್ರಾಣಿ. ಮುಟ್ಟಬೇಡಿ". ಅದಾಗಿ ಎರಡು ನಿಮಿಷಕ್ಕೆ ಅವನ ಅಂಗಡಿಯೇ ನನ್ನನ್ನು ಆ ಪ್ರಾಣಿಯ ಮೇಲೆ ಮಂಡಿಯೂರಿಸಿತು.

ಹವಳ ಗಿಡವಲ್ಲ, ಕಲ್ಲೂ ಅಲ್ಲ. ಅಕ್ಕಿ ಕಾಳಿನಷ್ಟು, ಕೆಲವು ಸಲ ಅದಕ್ಕೂ ಚಿಕ್ಕ ಮೃದು ಪ್ರಾಣಿಗಳು ಸಾವಿರಗಟ್ಟಲೆ ಒಟ್ಟಿಗೆ ಕೂತು, ಕೆಳಗೆ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಬಾಡಿಗೆಗೆ ಇರುತ್ತದೆ, ಬಿಸಿಲಿನಿಂದ ಅಡುಗೆ ಮಾಡಿ ಬಾಡಿಗೆಯ ಬದಲು ಊಟ ಕೊಡುತ್ತದೆ. ಬಣ್ಣವೂ ಬಹುಪಾಲು ಅದರದ್ದೇ. ನೀರು ವಾರಗಟ್ಟಲೆ ಹೆಚ್ಚು ಬಿಸಿಯಾದರೆ ಈ ಒಪ್ಪಂದ ಮುರಿದು ಹವಳ ಪಾಚಿಯನ್ನು ಹೊರಹಾಕುತ್ತದೆ, ಬೆಳ್ಳಗಾಗುತ್ತದೆ, ನೀರು ಬೇಗ ತಣ್ಣಗಾಗದಿದ್ದರೆ ಸಾಯುತ್ತದೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಇಂಥ ನಾಲ್ಕನೇ ಬಿಳಿಚಿಕೆ ನಡೆಯುತ್ತಿದೆ ಅಂತ ವಿಜ್ಞಾನಿಗಳು ಘೋಷಿಸಿದರು. ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಅಂದರೆ ನನ್ನ ಮಂಡಿಯ ಕೆಳಗೆ ಮುರಿದದ್ದು ನನ್ನ ವಯಸ್ಸಿನದೂ ಇದ್ದೀತು. ಸಮುದ್ರ ಬಿಸಿಯಾಗುವುದನ್ನು ಮುರ್ಡೇಶ್ವರದ ಅಂಗಡಿ ನಿಲ್ಲಿಸಲು ಆಗುವುದಿಲ್ಲ, ಒಪ್ಪಿದೆ. ಪೋಸ್ ಕೊಡುವ ಜಾಗವನ್ನು ನಾಲ್ಕು ಮಾರು ಆಚೆ, ಬರೀ ಮರಳಿರುವ ಕಡೆ ಇಡಬಹುದಲ್ವಾ? ನಿಮ್ಮ ದುಡ್ಡಿನ ಪೆಟ್ಟಿಗೆಯೇ ಅದಲ್ವಾ ಮಾರಾಯ್ರೆ, ಅದರ ಮೇಲೆಯೇ ಯಾಕೆ ಮಂಡಿ?

ಹವಳದ ಒಂದು ತುಂಡನ್ನು ನಮ್ಮ ದೋಣಿಯ ಒಬ್ಬರು ಜೇಬಿಗೆ ಹಾಕಿಕೊಂಡು ಬಂದಿದ್ದರು. ಹುಡುಗ ನೋಡಿದ, ತೆಗೆದುಕೊಂಡ, ನೀರಿಗೆ ಹಾಕಿದ. ಜಗಳ ಆಯಿತು. "ಸತ್ತದ್ದು ರೀ ಅದು" ಅಂತ ಅವರು. ಸತ್ತದ್ದಾದರೂ ಮನೆಗೆ ತರುವುದು ಅಪರಾಧ, ಹವಳವೂ ಆ ಮೊದಲ ಪಟ್ಟಿಯಲ್ಲೇ ಇದೆ. ಇದನ್ನು ಫಾರಂನಲ್ಲೇ ಒಂದು ಸಾಲು ಬರೆದಿದ್ದರೆ ಆ ಹುಡುಗ ಗಿರಾಕಿಯ ಕೈಲಿ ಬೈಸಿಕೊಳ್ಳಬೇಕಿರಲಿಲ್ಲ.

ಹೊತ್ತಿನ ಲೆಕ್ಕ. ಇಪ್ಪತ್ತು ನಿಮಿಷ ಅಂದಿದ್ದರು. ನಾನು ಮೇಲೆ ಬಂದಾಗ ತಮ್ಮ ಗಡಿಯಾರ ನೋಡಿಕೊಂಡು ಹದಿನಾರು ಅಂದ. ಅದರಲ್ಲಿ ಐದು ನಿಮಿಷ ಬ್ಯಾನರಿಗೆ ಹೋಯಿತು. ಆಳ ಏಳು ಮೀಟರ್. ಮೊದಲ ಸಲಕ್ಕೆ ಅಷ್ಟು ಸಾಕು, ನೋಡಲು ಅಲ್ಲೇ ಬೇಕಾದಷ್ಟಿದೆ.

ವಿಡಿಯೋ ಮೂರು ದಿನದ ಮೇಲೆ ಬಂತು. ಹಿಂದೆ ಒಂದು ಡಿಜೆ ಹಾಡು. ಮೂರು ನಿಮಿಷದಲ್ಲಿ ನನ್ನ ಮುಖ, ಬ್ಯಾನರ್, ಹಾರ್ಟ್, ಮತ್ತೆ ನನ್ನ ಮುಖ. ಮೊರೇ ಈಲ್ ಇಲ್ಲ, ಗಿಳಿ ಮೀನು ಇಲ್ಲ. ಒಂದು ಮೂಲೆಯಲ್ಲಿ ಗ್ರೂಪರಿನ ಬಾಲ ನಾಲ್ಕು ಸೆಕೆಂಡ್. ಪೂರ್ತಿ ತುಣುಕು ಬೇಕಾದರೆ ಇನ್ನೂ 500 ಅಂದರು. ಕೊಡಲಿಲ್ಲ. ಸಿಗಡಿಯ ಸದ್ದು ಹೇಗೂ ಅದರಲ್ಲಿ ಇರುವುದಿಲ್ಲ.

ವಿಮಾನದಲ್ಲಿ ವಾಪಸ್ ಹೋಗುವವರು ಗಮನಿಸಿ. ಒಂದೇ ಡೈವ್ ಮಾಡಿದ್ದರೂ ವಿಮಾನ ಹತ್ತುವ ಮುಂಚೆ ಕನಿಷ್ಠ 12 ಗಂಟೆ ಬಿಡಬೇಕು. ಒತ್ತಡದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ನಿಧಾನಕ್ಕೆ ಹೊರಬರಬೇಕು ಅಂತ. ನಮಗೆ ಇದನ್ನು ಯಾರೂ ಹೇಳಲಿಲ್ಲ. ಮಧ್ಯಾಹ್ನ ಡೈವ್ ಮುಗಿಸಿ ಸಂಜೆ ಮಂಗಳೂರಿನಿಂದ ಹಾರುವ ಪ್ಲಾನ್ ಇಟ್ಟುಕೊಂಡವರು ನಮ್ಮ ದೋಣಿಯಲ್ಲೇ ಇಬ್ಬರಿದ್ದರು. ಹುಡುಗನೇ ಕೇಳಿಸಿಕೊಂಡು ಟಿಕೆಟ್ ಮುಂದೆ ಹಾಕಿಸಿದ.

ಮರುದಿನ ತಮ್ಮ ಮುಖ ಊದಿಸಿಕೊಂಡು ಕೂತಿದ್ದ. ಅವನನ್ನು ಹೊನ್ನಾವರದ ಶರಾವತಿ ಕಾಂಡ್ಲ ನಡಿಗೆಗೆ ಎಳೆದುಕೊಂಡು ಹೋದೆ. ಕಾಂಡ್ಲ ಅಂದರೆ ಮ್ಯಾಂಗ್ರೋವ್, ಆ ಕಾಡಿನ ಮಧ್ಯೆ ಎತ್ತರಿಸಿ ಕಟ್ಟಿದ ಮರದ ದಾರಿ, ಟಿಕೆಟ್ಟು ಚಿಲ್ಲರೆ ಕಾಸು, ಈಜು ಬೇಡ, ಕಿವಿ ಊದುವುದು ಬೇಡ. ನೀರು ಇಳಿದಿರುವ ಹೊತ್ತಿಗೆ ಹೋಗಿ. ಭರತದಲ್ಲಿ ಹೋದರೆ ಬರೀ ನೀರು ಮತ್ತು ಎಲೆ. ಇಳಿತದಲ್ಲಿ ಕೆಸರು ಪೂರ್ತಿ ಜೀವ. ಉಸಿರಾಡಲು ಮೇಲೆ ಚಾಚಿದ ಬೇರುಗಳು, ಮಧ್ಯೆ ಒಂದು ಕೈ ಮಾತ್ರ ದೊಡ್ಡದಿರುವ ಗಂಡು ಏಡಿಗಳು ಆ ಕೈ ಬೀಸಿ ಹೆಣ್ಣನ್ನು ಕರೆಯುತ್ತಾ ಇದ್ದವು. ಕೆಸರಿನ ಮೇಲೆ ಕುಪ್ಪಳಿಸುವ ಮೀನು, ಹೌದು, ಮೀನೇ, ಮಡ್‌ಸ್ಕಿಪ್ಪರ್ ಅನ್ನುತ್ತಾರೆ. ಮೈ ಒದ್ದೆ ಇರುವವರೆಗೆ ಚರ್ಮದಿಂದಲೂ ಬಾಯೊಳಗಿನಿಂದಲೂ ಗಾಳಿ ಹೀರಿಕೊಂಡು ನೀರಿನ ಹೊರಗೇ ಇರುತ್ತದೆ. ಎರಡು ಗಂಡು ರೆಕ್ಕೆ ನಿಗುರಿಸಿಕೊಂಡು ಒಂದು ಅಂಗೈಯಗಲದ ಕೆಸರಿಗೆ ಜಗಳವಾಡುತ್ತಿದ್ದವು. ತಮ್ಮ ಅಲ್ಲೇ ಮುಕ್ಕಾಲು ಗಂಟೆ ಕೂತ. ಕೆಳಗಿನ ನೀರಿನಲ್ಲಿ ಬೆರಳುದ್ದದ ಮರಿಗಳ ಹಿಂಡು, ಸಿಗಡಿಯ ಮರಿಗಳೂ ಇದ್ದವು. ಎಷ್ಟೋ ಮೀನು, ಸಿಗಡಿ ಬೆಳೆಯುವುದು ಇಲ್ಲಿ, ಬೇರಿನ ಮರೆಯಲ್ಲಿ, ದೊಡ್ಡದಾದ ಮೇಲೆ ಕಡಲಿಗೆ. ನಾಲ್ಕು ಜನರಿಗೆ ಹಣ ಕಟ್ಟಿ ನೇತ್ರಾಣಿಗೆ ಹೋಗಲು ಆಗದಿದ್ದರೆ, ಮಕ್ಕಳಿದ್ದರೆ, ನೇರ ಇಲ್ಲಿಗೆ ಹೋಗಿ. ನನ್ನ ಲೆಕ್ಕದಲ್ಲಿ ಐದಕ್ಕೆ ಐದು.

ನೇತ್ರಾಣಿಗೆ ಮತ್ತೆ ಹೋಗುತ್ತೀಯಾ ಅಂದರೆ, ಹೋಗುತ್ತೇನೆ. ಕೊಟ್ಟ 5,500ರಲ್ಲಿ ನನಗೆ ದಕ್ಕಿದ್ದು ಆ ಸ್ಲೇಟು ಮತ್ತು ಬೆರಳು. ಉಳಿದದ್ದು ಸಿಲಿಂಡರಿನ ಬಾಡಿಗೆ. ಹಾಗಾಗಿ ಮುಂದಿನ ನವೆಂಬರಿಗೆ ಇಬ್ಬರಿಗೂ ಸೇರಿಸಿ ಅದೇ ಅಂಗಡಿಗೆ ಮೆಸೇಜ್ ಹಾಕಿದೆ, ವಾರದ ದಿನ ಬೇಕು, ಅದೇ ಹುಡುಗ ಬೇಕು, ಬ್ರೆಡ್ಡು ಬೇಡ, ಹವಳದ ಮೇಲೆ ಮಂಡಿ ಊರುವುದಿಲ್ಲ, ಬ್ಯಾನರ್ ಫೋಟೋ ಬೇಡ, ಆ ಐದು ನಿಮಿಷವೂ ಮೀನು ನೋಡಲು ಕೊಡಿ ಅಂತ.

ಅರ್ಧ ಗಂಟೆಗೆ ಉತ್ತರ ಬಂತು. "ಓಕೆ ಮೇಡಂ. ಬಟ್ ಬ್ಯಾನರ್ ಫೋಟೋ ಫ್ರೀ ಇದೆ ಮೇಡಂ, ಯಾಕೆ ಬೇಡ?"